ಹಿಂದಿನೆರಡು ಚಕ್ರವೋ, ನಾಲ್ಕೂ ಚಕ್ರವೋ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ ಇಟ್ಟಿರುವ ತ್ರ್ಯಂಬಕ ಆ ಮಾಘ ಮಾಸದಲ್ಲಿ ಒಂದು ಘನವಾದ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಳ್ಳುವವನು ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ ಹೋಗುವಂಥದ್ದನ್ನು ಆರಿಸಬೇಕೋ, ನಾಲ್ಕೂ ಚಕ್ರಕ್ಕೆ ಹಂಚಿಹೋಗುವಂಥದ್ದನ್ನು ಆರಿಸಬೇಕೋ ಎಂಬುದೇ ಆ ಪ್ರಶ್ನೆ. ಹಾಗಾದರೆ ತ್ರ್ಯಂಬಕ ಕಾರು ಕೊಳ್ಳುವವನಿದ್ದನೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಆದರೆ ಕೊಳ್ಳದವನು ಆರಿಸಬಾರದು ಎಂದು ಎಲ್ಲಿಯೂ ಕಾನೂನಿಲ್ಲ.

ಶುರುವಾದದ್ದು ಗಿರಾಕಿಯಿಲ್ಲದ ಒಂದು ಮಧ್ಯಾಹ್ನ, ಫೋನು ತೀಡುತ್ತ ಕೂತಿದ್ದಾಗ. ನಮಗೆ ಬೇಕಾದ ಹಾಗೆ ಕಾರನ್ನು ನಾವೇ ಜೋಡಿಸಿಕೊಳ್ಳಬಹುದಾದ ಒಂದು ಪುಟ ಸಿಕ್ಕಿತು. ಮೊದಲು ಬಣ್ಣ ಕೇಳಿತು. ತ್ರ್ಯಂಬಕ ತುಸು ಕಪ್ಪು ಬೆರೆತ ನೀಲಿಯನ್ನು ಒತ್ತಿದ. ಸೀಟಿನ ತೊಗಲು ಕೇಳಿತು, ಅದನ್ನೂ ಒತ್ತಿದ. ಸ್ಟೇರಿಂಗಿಗೆ ಹೊಲಿಗೆ ಹಾಕುವ ದಾರ ಯಾವ ಬಣ್ಣದ್ದಿರಲಿ ಎಂದು ಕೇಳಿದಾಗಲಂತೂ ಅವನಿಗೆ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಇಷ್ಟು ವಿನಯದಿಂದ ವಿಚಾರಿಸಿರಲಿಲ್ಲ. ಆಮೇಲೆ ಈ ಚಕ್ರದ ಪ್ರಶ್ನೆ ಬಂತು, ಅಲ್ಲಿ ನಿಂತುಬಿಟ್ಟ. ಎರಡರಲ್ಲಿ ಒಂದನ್ನು ಒತ್ತದೆ ಪುಟ ಮುಂದೆ ಹೋಗುವುದಿಲ್ಲ. ಮುಂದಿನ ಪುಟದಲ್ಲಿ ಏನಿದೆಯೆಂದು ಅವನಿಗೆ ಅಂದಾಜಿತ್ತು. ಅಲ್ಲಿ ಬೆಲೆ ಇತ್ತು. ಬೆಲೆ ನೋಡಿದ ಮೇಲೆ ಕನಸು ಮುಂದುವರಿಸುವುದು ಯಾರಿಗಾದರೂ ಕಷ್ಟ. ಹಾಗಾಗಿ ಉತ್ತರ ಗಟ್ಟಿಯಾಗುವ ತನಕ ಮುಂದೆ ಹೋಗುವುದು ಬೇಡವೆಂದು ನಿಶ್ಚಯಿಸಿದ, ಮತ್ತು ಉತ್ತರ ಗಟ್ಟಿಯಾಗದಂತೆ ಜಾಗ್ರತೆಯಿಂದ ನೋಡಿಕೊಂಡ.

ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣಿನ ಮುಂದೆ ಒಂದು ಗಾಜು, ಇನ್ನೊಂದು ಗಾಜು ಹಿಡಿದು, "ಇದ್ರಲ್ಲಿ ಚೆನ್ನಾಗಿ ಕಾಣ್ತದಾ, ಇದ್ರಲ್ಲಾ?" ಎಂದು ಕೇಳುವುದೇ ಅವನ ಕಸುಬು. ಉತ್ತರ ಹೇಳಲು ತಡಮಾಡಿದವರ ಮೇಲೆ ಒಳಗೊಳಗೇ ರೇಗುತ್ತಿದ್ದ ಮನುಷ್ಯ ಈಗ ತಾನೇ ಎರಡು ಗಾಜಿನ ನಡುವೆ ಕೂತಿದ್ದ. ವಿಷಯದ ಅಭ್ಯಾಸದಲ್ಲಿ ಮಾತ್ರ ಯಾವ ಕೊರತೆಯೂ ಆಗಲಿಲ್ಲ. ಹಿಂದಿನ ಚಕ್ರದ ಕಾರಾದರೆ ತಿರುವಿನಲ್ಲಿ ಬಾಲ ಸ್ವಲ್ಪ ಹೊರಗೆ ಜಾರುತ್ತದೆ, ಓಡಿಸುವ ಮಜವೆಲ್ಲ ಇರುವುದೇ ಅಲ್ಲಿ ಎಂದು ವೀಡಿಯೋದಲ್ಲಿ ಒಬ್ಬ ಹೇಳಿದ. ನಾಲ್ಕೂ ಚಕ್ರದ್ದಾದರೆ ಒದ್ದೆ ರಸ್ತೆಯಲ್ಲೂ ನೆಲ ಕಚ್ಚಿಕೊಂಡು ಹೋಗುತ್ತದೆ, ಜೀವಕ್ಕಿಂತ ಮಜ ದೊಡ್ಡದಲ್ಲ ಎಂದು ಇನ್ನೊಬ್ಬ ಹೇಳಿದ. ಇಬ್ಬರೂ ಕಪ್ಪು ಕನ್ನಡಕ ಹಾಕಿದ್ದರು. ಇಬ್ಬರ ಫ್ರೇಮೂ ಚೆನ್ನಾಗಿತ್ತು.

ತ್ರ್ಯಂಬಕ ಅವರ ಮಾತನ್ನೆಲ್ಲ ಹರಿಹರಪುರದ ಕಡೆಯ ಹೊಳೆಬದಿಯ ತಿರುವಿಗೆ ತಂದು ನೋಡುತ್ತಿದ್ದ. ಹಿಂದಿನ ಚಕ್ರದ್ದಾದರೆ ತಿರುವಿನಲ್ಲಿ ನೀಲಿ ಕಾರು ಸಣ್ಣಗೆ ಜಾರುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ ತುಂಗಾ ಅವನ ತೋಳು ಹಿಡಿದುಕೊಂಡು "ನಿಧಾನ" ಅನ್ನುತ್ತಾಳೆ. ನಾಲ್ಕೂ ಚಕ್ರದ್ದಾದರೆ ಜಾರುವುದೇ ಇಲ್ಲ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾಳೆ, ಬೆಳಕು ಅವಳ ಮುಖದ ಮೇಲೆ ಬಂದು ಹೋಗಿ ಮಾಡುತ್ತದೆ. ಹೆಂಡತಿ ತೋಳು ಹಿಡಿದುಕೊಳ್ಳುವುದು ಒಳ್ಳೆಯದೋ, ಪಕ್ಕದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವುದು ಒಳ್ಳೆಯದೋ? ಇದಕ್ಕೆ ಯಾವ ವೀಡಿಯೋದಲ್ಲೂ ಉತ್ತರವಿರಲಿಲ್ಲ.

ಎರಡೇ ಬಾಗಿಲು, ಎರಡೇ ಸೀಟಿನ ಕಾರೇ ಯಾಕೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ತ್ರ್ಯಂಬಕನ ಹತ್ತಿರ ಒಂದು ಹಳೇ ಓಮ್ನಿ ಇತ್ತು. ಹೆಸರಿಗೆ ಅವನದ್ದು. ಅವನ ಮನೆ ಇರುವ ನಾರ್ವೆಯ ಕಡೆ, ಪೇಟೆಗೆ ಹೊರಟ ಗಾಡಿ ಎಂದರೆ ಅದು ದಾರಿಯಲ್ಲಿ ನಿಂತವರೆಲ್ಲರ ಗಾಡಿ. ಕೈ ತೋರಿಸಿದವರನ್ನು ಬಿಟ್ಟುಹೋದರೆ ಮೂರು ತಲೆಮಾರು ಅದನ್ನೇ ಆಡಿಕೊಳ್ಳುತ್ತದೆ. ಮುಂದಿನ ಸೀಟು ತ್ರ್ಯಂಬಕನ ಸೋದರತ್ತೆ ಅಂಬಿಕತ್ತೆಗೆ ಮೀಸಲು, ಯಾಕೆಂದರೆ ಹಿಂದೆ ಕೂತರೆ ಅವರಿಗೆ ತಲೆ ಸುತ್ತುತ್ತದೆ. ಅತ್ತೆ ಇಲ್ಲದ ದಿನ ಪಂಚಾಯಿತಿಯ ಪಿಡಿಒ ಯಶವಂತ ಕೂರುತ್ತಾನೆ, ಯಾಕೆಂದರೆ ಅವನು ಸರ್ಕಾರ. ತುಂಗಾ ಹಿಂದೆ, ಬಾಳೆಗೊನೆ, ಮಜ್ಜಿಗೆ ಕ್ಯಾನು, ಬೇರೆಯವರ ಮಕ್ಕಳ ನಡುವೆ. ಮದುವೆಯಾದಾಗಿನಿಂದ ಅವರಿಬ್ಬರೇ ಶೃಂಗೇರಿಗೆ ಹೋಗಿಬರಬೇಕೆಂದು ಎಷ್ಟೋ ಸಲ ಹೊರಟಿದ್ದರು. ಒಂದು ಸಲವೂ ಇಬ್ಬರೇ ತಲುಪಿರಲಿಲ್ಲ. ಕನ್ನಡಿಯಲ್ಲಿ ಅವಳ ಅರ್ಧ ಮುಖ, ಅದರ ಮುಂದೆ ಯಾರದೋ ಕೊಡೆ, ಇಷ್ಟನ್ನೇ ನೋಡುತ್ತ ತ್ರ್ಯಂಬಕನ ತಲೆಗೂದಲು ಬೆಳ್ಳಗಾಗಿತ್ತು. ಎರಡೇ ಸೀಟಿನ ಕಾರಾದರೆ ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ, ಜಾಗವೇ ಇಲ್ಲ ಅನ್ನುತ್ತದೆ. ಬಾಯಿಬಿಟ್ಟು ಇಲ್ಲ ಅನ್ನಲಾರದವನ ಕನಸು ಅದು.

ಒಂದು ಬೆಳಿಗ್ಗೆ ನಾಗಪ್ಪ ಅಂಗಡಿಗೆ ಬಂದ. ನಾರ್ವೆಯಲ್ಲಿ ತ್ರ್ಯಂಬಕನ ಮನೆಯಿಂದಾಚೆ ಗುಡ್ಡದ ನೆತ್ತಿಯಲ್ಲಿ ಅವನ ಮನೆ. ಪರೀಕ್ಷೆಯ ದಪ್ಪ ಫ್ರೇಮು ಮೂಗಿನ ಮೇಲೆ ಹೊತ್ತುಕೊಂಡು ಗೋಡೆಯ ಅಕ್ಷರ ನೋಡುತ್ತಿದ್ದ.

"ಇದ್ರಲ್ಲಿ ಚೆನ್ನಾಗಿ ಕಾಣ್ತದಾ, ಇದ್ರಲ್ಲಾ?"

"ಮೊದಲಿನದ್ರಲ್ಲಿ."

"ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಬರದು ಒಳ್ಳೇದಾ, ನಾಲ್ಕಕ್ಕೂ ಬರದಾ?" ತ್ರ್ಯಂಬಕ ಅದೇ ಧ್ವನಿಯಲ್ಲಿ ಕೇಳಿಬಿಟ್ಟ.

"ಯಾವ ಗಾಡಿಗೆ ಭಟ್ರೇ?"

"ಎರಡು ಬಾಗ್ಲಿನ ಕಾರಿಗೆ. ನೆಲಕ್ಕೆ ತಾಗಿದ ಹಾಗೆ ಇರ್ತದಲ್ಲ, ಅಂಥದ್ದಕ್ಕೆ."

"ನಾಲ್ಕೂ ಬೇಕು ಮಾರಾಯ್ರೇ. ಇಲ್ದಿದ್ರೆ ನಮ್ಮನೆ ಏರು ಹತ್ತದಿಲ್ಲ."

"ನಿಮ್ಮನೆ ಏರು ಯಾಕೆ ಹತ್ಬೇಕು?"

ನಾಗಪ್ಪ ಇದನ್ನು ತಮಾಷೆ ಎಂದುಕೊಂಡು ಫ್ರೇಮು ಅಲುಗುವಷ್ಟು ನಕ್ಕ. ಆಮೇಲೆ, "ಯಾವಾಗ ಬರ್ತದೆ ಗಾಡಿ?" ಅಂದ.

ಬರುವುದಿಲ್ಲ ಎಂಬ ಒಂದೇ ಮಾತು ಸಾಕಿತ್ತು. ಆದರೆ ಕಾರಿನ ವಿಷಯ ಯಾರೋ ಗೌರವದಿಂದ ಕೇಳುತ್ತಿರುವಾಗ ಆ ಒಂದು ಮಾತು ತ್ರ್ಯಂಬಕನ ಗಂಟಲಲ್ಲೇ ಕೂತಿತು. "ಬಣ್ಣ, ಸೀಟು ಎಲ್ಲ ಆಗಿದೆ ನಾಗಪ್ಪ. ಚಕ್ರದ್ದೊಂದು ತೀರ್ಮಾನ ಬಾಕಿ," ಅಂದ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಊರನ್ನು ಹಾಳುಮಾಡುವುದು ಹೆಚ್ಚಾಗಿ ಇಂಥ ನಿಜಗಳೇ.

ನಾಗಪ್ಪನಿಗೆ ಹೊಸ ಕನ್ನಡಕ ಬರುವ ಮೊದಲೇ ಸುದ್ದಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಶೆಟ್ಟಿಕೊಪ್ಪದ ಯಾವುದೋ ಗ್ಯಾರೇಜಿನಿಂದ ಗುರುತಿಲ್ಲದವನೊಬ್ಬ ಫೋನು ಮಾಡಿ, ಹಿಂದಿನ ಚಕ್ರದ್ದೇ ತಗೊಳ್ಳಿ, ರಿಪೇರಿಗೆ ಸುಲಭ ಎಂದು ಹೇಳಿ ಹೆಸರೂ ಹೇಳದೆ ಇಟ್ಟುಬಿಟ್ಟ. ಕಡಹಿನಬೈಲಿನ ನೆಂಟರೊಬ್ಬರು, ಮುಂದಿನ ತಿಂಗಳ ಮದುವೆ ದಿಬ್ಬಣಕ್ಕೆ ಗಾಡಿ ಬೇಕು, ಬೇರೆ ಯಾರಿಗೂ ಮಾತು ಕೊಡಬೇಡ ಎಂದರು. ತುಂಗಾಳಿಗೆ ವಿಷಯ ತಿಳಿದದ್ದು ಹಾಲಿನ ಡೇರಿಯಲ್ಲಿ, ಟಾರು ರಸ್ತೆ ಪಕ್ಕದ ಮನೆಯ ಸುಲೋಚನಮ್ಮನಿಂದ.

"ನಿಮ್ಮೆಜಮಾನ್ರಿಗೆ ಹಿಂದಿನ ಚಕ್ರದ್ದೇ ತಗಳಕ್ಕೆ ಹೇಳಿ ತುಂಗಮ್ಮ," ಸುಲೋಚನಮ್ಮ ಹೇಳಿದರು. "ನಾಲ್ಕೂ ಚಕ್ರದ್ದು ಪೆಟ್ರೋಲು ಜಾಸ್ತಿ ಕುಡೀತದಂತೆ. ಆಮೇಲೆ ಪೆಟ್ರೋಲಿನ ನೆಪ ಹೇಳಿ ದಿನಾ ಪೇಟೆಗೆ ಹೋಗದು ನಿಲ್ಲಿಸಿದ್ರೆ ನಾವೆಂತ ಮಾಡದು?"

ತುಂಗಾ ಹಾಲು ತುಂಬಿಸಿಕೊಂಡು ಮನೆಗೆ ಬಂದಳು. ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆಂದು ನಾವು ಕಾದರೆ ಅದು ಸುಳ್ಳಾಯಿತು. ಸಂಜೆ ಕಾಫಿ ಕೊಡುವಾಗ, "ಬಣ್ಣ ಯಾವ್ದು?" ಎಂದು ಮಾತ್ರ ಕೇಳಿದಳು.

"ನೀಲಿ," ತ್ರ್ಯಂಬಕ ಹೇಳಿದ. "ತುಸು ಕಪ್ಪು ಬೆರೆತದ್ದು. ಸಂಜೆ ದೀಪ ಹಚ್ಚೋ ಹೊತ್ತಿಗೆ ಆಕಾಶ ಇರ್ತದಲ್ಲ, ಹಾಗೆ."

"ಕಿಟಕಿ ಪೂರ್ತಿ ಇಳೀತದಾ?"

"ಪೂರ್ತಿ ಇಳೀತದೆ."

ತುಂಗಾ ಅಂಗಳದ ಕಡೆ ನೋಡಿದಳು. ಅಲ್ಲಿ ನಿಂತಿದ್ದದ್ದು ಓಮ್ನಿ. ಅವಳಿಗೆ ಕಾಣುತ್ತಿದ್ದದ್ದು ಓಮ್ನಿಯೇ ಹೌದೋ ಅಲ್ಲವೋ ಹೇಳುವುದು ಕಷ್ಟ. "ಅದ್ರಲ್ಲಿ ನಾನು ಎಲ್ಲಿ ಕೂರದು?" ಎಂದು ಕೇಳಿದಳು. ಬೇಸರದಿಂದ ಕೇಳಿದ್ದಲ್ಲ. ಸಾಮಾನಿನ ಚೀಲ ಎಡಗಡೆ ಇಡುತ್ತಾರೋ ಬಲಗಡೆಯೋ ಎಂದು ತಿಳಿದುಕೊಂಡಿದ್ದರೆ ಒಳ್ಳೆಯದಲ್ಲವೇ ಎಂಬಂತೆ ಕೇಳಿದಳು. ತ್ರ್ಯಂಬಕ ಉತ್ತರ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಬಿಕತ್ತೆ ಒಳಗೆ ಬಂದರು.

"ಮಾಣಿ, ಹೊಸ ಗಾಡಿಯ ಮುಂದಿನ ಸೀಟು ಮೆತ್ತಗೆ ಇರ್ಲಿ," ಅತ್ತೆ ಕೂತುಕೊಳ್ಳುತ್ತಲೇ ಹೇಳಿದರು. "ನಂಗೆ ಸೊಂಟ ನೋವು. ಬಂದ ದಿನವೇ ಶೃಂಗೇರಿಗೆ ಹೋಗಿ ಪೂಜೆ ಮಾಡಿಸದು. ನಾನೂ ಬತ್ತೆ. ಎಂತಕ್ಕೆ ಹಾಗೆ ನೋಡ್ತೀಯಾ?"

ಮಾರನೆಯ ದಿನ ಪಿಡಿಒ ಯಶವಂತ ಬಂದ. ಕಾರು ಇಲ್ಲದಿದ್ದರೂ ಕಾರು ನಿಲ್ಲುವ ಜಾಗವನ್ನು ಒಂದು ಸುತ್ತು ಹಾಕಿದ. ಪಂಚಾಯಿತಿ ಕಚೇರಿಯ ಎದುರಿನ ರಸ್ತೆಯ ಹಂಪು ಟ್ರ್ಯಾಕ್ಟರು, ಲಾರಿಗಳ ಲೆಕ್ಕದಲ್ಲಿ ಹಾಕಿದ್ದು, ಇಂಥ ತಗ್ಗಿನ ಗಾಡಿ ಅದರ ಮೇಲೆ ಕುಳಿತುಬಿಡಬಹುದು ಎಂದು ಗಂಭೀರವಾಗಿ ತಿಳಿಸಿದ.

"ಆದ್ರೂ ಯೋಚನೆ ಬೇಡ ಸರ್," ಅಂದ. "ಹಂಪಿನ ಈಚೆ ನಾವೆಲ್ಲ ಇಳೀತೇವೆ, ನೀವು ಖಾಲಿ ಗಾಡಿ ದಾಟಿಸಿ, ಆಚೆ ಮತ್ತೆ ಹತ್ತುತ್ತೇವೆ. ತಾಲ್ಲೂಕು ಕಚೇರಿ ಮೀಟಿಂಗಿನ ದಿನ ಮಾತ್ರ ನಾನು ಇಳಿಯೋದು ಸರಿ ಕಾಣೋದಿಲ್ಲ."

ಹೀಗೆ ಇನ್ನೂ ಬಾರದ ಕಾರಿಗೆ ಹತ್ತುವವರು, ಇಳಿಯುವವರು, ಇಳಿಯಲು ಒಪ್ಪದವರು ಎಲ್ಲ ಸಿದ್ಧರಾದರು. ಅದರ ಜೊತೆಗೆ ಊರು ಎರಡು ಪಾಲಾಯಿತು. ಗುಡ್ಡದ ಮೇಲೆ ಮನೆ ಇದ್ದವರೆಲ್ಲ ನಾಲ್ಕೂ ಚಕ್ರದ ಪಕ್ಷ. ಟಾರು ರಸ್ತೆಯ ಬದಿಯವರೆಲ್ಲ ಹಿಂದಿನ ಚಕ್ರದ ಪಕ್ಷ. ವೀಡಿಯೋದ ಕಪ್ಪು ಕನ್ನಡಕದವರಿಗೆ ಹೊಳೆಯದ ಸತ್ಯ ನಾರ್ವೆಯವರಿಗೆ ತಕ್ಷಣ ಹೊಳೆದಿತ್ತು: ಗಾಡಿಗೆ ಎಷ್ಟು ಚಕ್ರದ ಬಲ ಬೇಕು ಎಂಬುದು ಅದು ಯಾರ ಮನೆ ಬಾಗಿಲಿಗೆ ಬರಬೇಕು ಎಂಬುದರ ಮೇಲೆ ನಿಂತಿದೆ.

ಭಾನುವಾರ ಬೆಳಿಗ್ಗೆ ತ್ರ್ಯಂಬಕನ ಜಗಲಿಯಲ್ಲಿ ಎರಡೂ ಪಕ್ಷ ಸೇರಿತು. ಯಾರು ಕರೆದದ್ದೆಂದು ಯಾರಿಗೂ ಗೊತ್ತಿರಲಿಲ್ಲ. ತ್ರ್ಯಂಬಕನಂತೂ ಕರೆದಿರಲಿಲ್ಲ, ಆದರೆ ಕುರ್ಚಿ ತಂದು ಹಾಕಿದವನು ಅವನೇ.

"ಎತ್ತು ಹಿಂದಿನ ಕಾಲಲ್ಲಿ ಮಾತ್ರ ನಡೀತದಾ?" ನಾಗಪ್ಪ ಸಭೆಯನ್ನು ಕೇಳಿದ. "ನಾಲ್ಕೂ ಕಾಲು ಊರಿದ್ರೆ ತಾನೇ ಗಾಡಿ ಏರು ಹತ್ತದು?"

"ಕಪ್ಪೆ ಹಾರದು ಯಾವ ಕಾಲಲ್ಲಿ?" ಸುಲೋಚನಮ್ಮ ಕೇಳಿದರು. "ಹಿಂದಿನದ್ರಲ್ಲೇ ಅಲ್ದಾ? ಮುಂದಿನ ಕಾಲು ಬರೀ ಇಳಿಯಕ್ಕೆ."

"ಕಪ್ಪೆ ಮೇಲೆ ಯಾರೂ ದಿಬ್ಬಣ ಹೋಗದಿಲ್ಲ."

"ಎತ್ತಿನ ಮೇಲೂ ಹೋಗದಿಲ್ಲ ನಾಗಪ್ಪ."

ಯಾವುದಾದರೂ ಇರಲಿ, ಮೇಲೆ ಒಂದು ಕ್ಯಾರಿಯರ್ ಹಾಕಿಸಿಬಿಡಿ, ಬಾಳೆಗೊನೆಗೆ ಬೇಕಾಗುತ್ತದೆ ಎಂದು ಹಿಂದಿನಿಂದ ಯಾರೋ ಸೂಚಿಸಿದರು. ಇದಕ್ಕೆ ಮಾತ್ರ ಎರಡೂ ಪಕ್ಷದ ಒಮ್ಮತವಿತ್ತು. ತ್ರ್ಯಂಬಕ ಕಣ್ಣು ಮುಚ್ಚಿಕೊಂಡ. ಸಂಜೆಯ ಆಕಾಶದ ಬಣ್ಣದ ಅವನ ಕಾರು ನೆತ್ತಿಯ ಮೇಲೆ ಬಾಳೆಗೊನೆ ಹೊತ್ತುಕೊಂಡು ಹೊಳೆಬದಿಯ ತಿರುವಿನಲ್ಲಿ ನಿಧಾನವಾಗಿ ಜಾರುತ್ತಿತ್ತು. ನೋಡಲಿಕ್ಕೆ ಅದೂ ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂಬುದನ್ನು ಸತ್ಯಕ್ಕಾಗಿ ಹೇಳಬೇಕು.

ಕೊನೆಗೆ ಯಶವಂತ ಗಂಟಲು ಸರಿಮಾಡಿಕೊಂಡ. ಚಕ್ರದ ವಿಷಯ ಹಾಗಿರಲಿ, ಮೊದಲು ಸೀಟಿನ ಹಂಚಿಕೆ ಆಗಲಿ, ಆಮೇಲೆ ಯಾರಿಗೂ ಮನಸ್ತಾಪ ಬೇಡ ಎಂದ. "ಸರ್, ಒಟ್ಟು ಸೀಟು ಎಷ್ಟು?"

"ಎರಡು," ತ್ರ್ಯಂಬಕ ಹೇಳಿದ.

"ಮುಂದೆ ಎರಡು. ಹಿಂದೆ?"

"ಹಿಂದೆ ಇಲ್ಲ."

ನಾಗಪ್ಪ ಹೊಸ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹಿಂದೆ ಏನೂ ಇಲ್ಲದ ಗಾಡಿಯೊಂದನ್ನು ಜನ ದುಡ್ಡು ಕೊಟ್ಟು ತರುತ್ತಾರೆ ಎಂಬುದನ್ನು ನಾರ್ವೆ ಮೊದಲ ಬಾರಿಗೆ ಕೇಳುತ್ತಿತ್ತು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಅಂಬಿಕತ್ತೆ.

"ಆಗ್ಲಿ ಬಿಡು," ಅಂದರು. "ಒಂದು ನಿಂದು, ಒಂದು ನಂದು. ಸರಿಯಾಯ್ತಲ್ಲ."

ಆ ಹೊತ್ತಿಗೆ ತುಂಗಾ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಎರಡೇ ಸೀಟು ಎಂದದ್ದೂ ಕೇಳಿಸಿತ್ತು, ಒಂದು ನಂದು ಎಂದದ್ದೂ ಕೇಳಿಸಿತ್ತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಲೋಟಗಳನ್ನು ಒಂದೊಂದಾಗಿ ಕೊಡುತ್ತ ಬಂದಳು. ಏನೂ ಬದಲಾಗದ ಆ ಮುಖವನ್ನೇ ತ್ರ್ಯಂಬಕನಿಂದ ಸಹಿಸಲಾಗಲಿಲ್ಲ.

"ಅದು ತುಂಗಾಳದ್ದು ಅತ್ತೆ," ಅಂದ.

"ಯಾವ್ದು?"

"ಎರಡನೇ ಸೀಟು."

"ಅವಳಿಗೆ ಹಿಂದೆ ಕೂತು ಅಭ್ಯಾಸ ಇದೆಯಲ್ಲ ಮಾಣಿ."

"ಹಿಂದೆ ಇಲ್ಲ ಅತ್ತೆ."

"ಹಾಗಾದ್ರೆ ಇದು ಎಂತ ಗಾಡಿ?"

"ನಾವಿಬ್ಬರೇ ಹೋಗೋ ಗಾಡಿ," ತ್ರ್ಯಂಬಕ ಹೇಳಿದ.

"ನೀವಿಬ್ಬರೇ ಎಲ್ಲಿಗೆ ಹೋಗದು?" ನಾಗಪ್ಪ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆತಂಕವಿತ್ತು.

ಇಲ್ಲಿ ಒಂದು ಮಾತು. ಆ ಕ್ಷಣದಲ್ಲಿ ತ್ರ್ಯಂಬಕ, ಕಾರೂ ಇಲ್ಲ, ಏನೂ ಇಲ್ಲ, ಎಲ್ಲ ಫೋನಿನಲ್ಲಿ ಆಡಿದ ಆಟ ಎಂದು ಹೇಳಿಬಿಟ್ಟಿದ್ದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಅವನಿಗೆ ಮಂಕುದಿಣ್ಣೆ ಎಂದು ಹೆಸರಿಟ್ಟು, ಖುಷಿಯಿಂದ ಮನೆಗೆ ಹೋಗುತ್ತಿದ್ದರು. ಆ ಮಾತು ಅವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕಾರು ಇಲ್ಲವೆಂದ ಕೂಡಲೇ ತುಂಗಾಳ ಸೀಟೂ ಇಲ್ಲವಾಗುತ್ತಿತ್ತು. ಕೊಟ್ಟ ಅರೆಗಳಿಗೆಗೇ ಅದನ್ನು ಕಸಿದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಇಲ್ಲದ ಕಾರಿನ ಇರುವ ಸೀಟಿಗಾಗಿ ಇಡೀ ಊರಿನ ಸಿಟ್ಟನ್ನು ಮೈಮೇಲೆ ಹಾಕಿಕೊಂಡು ಸುಮ್ಮನೆ ಕೂತ.

ಸಿಟ್ಟು ಧಾರಾಳವಾಗಿಯೇ ಬಂತು. ಅಂಬಿಕತ್ತೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇನ್ನು ಈ ಮನೆಯ ಯಾವ ಗಾಡಿಗೂ ಕಾಲಿಡುವುದಿಲ್ಲ, ಹಳೆಯದಕ್ಕೂ ಇಲ್ಲ, ಹೊಸದಕ್ಕೂ ಇಲ್ಲ ಎಂದರು. ಸುಲೋಚನಮ್ಮ ತಮಗೆ ಬಸ್ಸಿದೆ ಎಂದರು. ಹಂಪು ಇದ್ದ ಹಾಗೆಯೇ ಇರುತ್ತದೆ ಎಂದು ಯಶವಂತ ತಿಳಿಸಿದ. ನಾಗಪ್ಪ ಗುಡ್ಡ ಹತ್ತಿ ಹೋದ. ಗುಡ್ಡದವರೂ ರಸ್ತೆಯವರೂ ಒಟ್ಟಾಗಿ ಎದ್ದು ಹೋಗುವುದನ್ನು ನೋಡಿದರೆ ಊರಿನ ಒಗ್ಗಟ್ಟಿಗೆ ಎರಡು ಸೀಟಿನ ಕಾರೇ ಬೇಕಿತ್ತೇನೋ ಅನ್ನಿಸುತ್ತಿತ್ತು.

ಜಗಲಿ ಖಾಲಿಯಾದ ಮೇಲೆ ತುಂಗಾ ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ಗಾಡಿ ಇದೆಯಾ?"

"ಇಲ್ಲ."

"ಬರ್ತದಾ?"

"ಇಲ್ಲ ಮಾರಾಯ್ತಿ."

ಅವಳಿಗೆ ಅದು ಮೊದಲೇ ಗೊತ್ತಿತ್ತೋ ಏನೋ, ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. "ಫೋನ್ ಕೊಡಿ ಇಲ್ಲಿ," ಅಂದಳು. ತ್ರ್ಯಂಬಕ ತೆರೆದು ಕೊಟ್ಟ. ನೀಲಿ ಕಾರು ಇತ್ತು. ಬೆರಳು ಸರಿಸಿದರೆ ತಿರುಗುತ್ತಿತ್ತು. ತುಂಗಾ ಅದನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಬಾಗಿಲು ತೆರೆಯುತ್ತದೆಂದು ಗೊತ್ತಾದ ಮೇಲೆ ಪಕ್ಕದ ಸೀಟಿನ ಬಾಗಿಲನ್ನು ತೆರೆಯುತ್ತ ಮುಚ್ಚುತ್ತ ತುಂಬ ಹೊತ್ತು ಕೂತಳು. ಕೆಳಗೆ ಚಕ್ರದ ಪ್ರಶ್ನೆ ಹಾಗೆಯೇ ಕಾಯುತ್ತಿತ್ತು.

"ಯಾವ್ದು ಒತ್ತಲಿ ಹೇಳು," ತ್ರ್ಯಂಬಕ ಕೇಳಿದ. ಅದರಿಂದ ಏನಾಗುತ್ತದೆಂಬುದನ್ನೂ ಹೇಳಿದ. ಹಿಂದಿನ ಚಕ್ರದ್ದಾದರೆ ಅವಳು ತೋಳು ಹಿಡಿದುಕೊಳ್ಳುವುದು, ನಾಲ್ಕೂ ಚಕ್ರದ್ದಾದರೆ ನಿದ್ದೆ ಹೋಗುವುದು, ಒತ್ತಿದ ಮೇಲೆ ಮುಂದಿನ ಪುಟದಲ್ಲಿ ಬೆಲೆ ಇರುವುದು, ಎಲ್ಲವನ್ನೂ.

ತುಂಗಾ ಯೋಚಿಸಿದಳು. "ಒತ್ತಬೇಡಿ. ಹಾಗೇ ಇರ್ಲಿ," ಅಂದಳು.

ಆ ಶುಕ್ರವಾರ ಬೆಳಿಗ್ಗೆ ಇಬ್ಬರೂ ಓಮ್ನಿಯಲ್ಲಿ ಶೃಂಗೇರಿಗೆ ಹೊರಟರು. ಗೇಟಿನ ಹತ್ತಿರ ತ್ರ್ಯಂಬಕ ಅಭ್ಯಾಸಬಲದಿಂದ ನಿಲ್ಲಿಸಿದ. ಯಾರೂ ಬರಲಿಲ್ಲ. ಅಂಬಿಕತ್ತೆ ತಮ್ಮ ಜಗಲಿಯಲ್ಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಬರೀ ಗೋಡೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಆ ಊರಿನಲ್ಲಿ ಬೇರೆ ಯಾರೂ ಇಲ್ಲ. ಡೇರಿಯ ಎದುರು ಸುಲೋಚನಮ್ಮ ಚೀಲ ಹಿಡಿದು ನಿಂತಿದ್ದರು. ಕೈ ಎತ್ತಲು ಹೋಗಿ ನೆನಪಾಗಿ ಆ ಕೈಯಿಂದ ಕೂದಲು ಸರಿಮಾಡಿಕೊಂಡರು. ತಿರುವಿನಲ್ಲಿ ಸಿಕ್ಕಿದ ನಾಗಪ್ಪ ಓಮ್ನಿಯನ್ನು ಕಂಡು ಬೇಲಿಯ ಗಿಡವೊಂದನ್ನು ಆಳವಾಗಿ ಪರೀಕ್ಷಿಸತೊಡಗಿದ.

ತುಂಗಾಳಿಗೆ ಮುಂದಿನ ಸೀಟಿನಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಿಡಿದುಕೊಳ್ಳಲು ಬೇರೆಯವರ ಮಗುವೂ ಇಲ್ಲ, ಕ್ಯಾನೂ ಇಲ್ಲ. ತೊಡೆಯ ಮೇಲೆ ಖಾಲಿ ಕೈ ಇಟ್ಟುಕೊಂಡಳು. ಸೀಟಿನ ಅಡಿಯ ಇಂಜಿನ್ನಿನ ಬಿಸಿ ಆ ಚಳಿಯಲ್ಲಿ ಹಿತವಾಗಿತ್ತು. ಗದ್ದೆಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಗಾಡಿಯೊಳಗೆ ಮಾತಿಲ್ಲದಿದ್ದರೆ ಇಷ್ಟೆಲ್ಲ ಸದ್ದು ಕೇಳಿಸುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ: ಗಾಜು ಅದುರುವುದು, ದೂರದಲ್ಲಿ ಯಾರೋ ಕಟ್ಟಿಗೆ ಒಡೆಯುವುದು, ರಸ್ತೆ ಹೊಳೆಯ ಪಕ್ಕಕ್ಕೆ ಬಂದಾಗ ನೀರು. ತ್ರ್ಯಂಬಕ ಎಂದಿಗಿಂತ ನಿಧಾನವಾಗಿ ಓಡಿಸಿದ. ಹಿಂದೆ ಬಂದ ಬಸ್ಸು ಹಾರನ್ ಹಾಕಿ ಹಾಕಿ ಸಾಕಾಗಿ ಮುಂದೆ ಹೋಯಿತು. ಕನ್ನಡಿಯನ್ನು ಒಮ್ಮೆಯೂ ನೋಡಲಿಲ್ಲ ಅವನು. ನೋಡಬೇಕಾದದ್ದು ಪಕ್ಕದಲ್ಲೇ ಇತ್ತು, ಪೂರ್ತಿ ಮುಖ.

ಹರಿಹರಪುರ ದಾಟಿದ ಮೇಲೆ ತುಂಗಾ ಹೊಳೆಯ ಕಡೆ ನೋಡುತ್ತಲೇ, "ಇವರ ಸಿಟ್ಟೆಲ್ಲ ಎಷ್ಟು ದಿನ ಇರ್ತದೆ?" ಎಂದು ಕೇಳಿದಳು.

ತ್ರ್ಯಂಬಕ ಲೆಕ್ಕ ಹಾಕಿದ. "ನಾಗಪ್ಪಂದು ನಾಳೆಗೇ ಮುಗೀತದೆ, ಪಾಪ. ಅತ್ತೇದು ಮಂಗಳವಾರದ ತನಕ ಇರಬಹುದು. ಬುಧವಾರ ಅವರು ಡಾಕ್ಟರ ಹತ್ತಿರ ಹೋಗಬೇಕಲ್ಲ."

"ಹಾಗಾದ್ರೆ ಸೋಮವಾರ ಅಂಗಡಿ ಬಾಗ್ಲು ತೆಗೀಬೇಡಿ," ತುಂಗಾ ಹೇಳಿದಳು. "ನರಸಿಂಹರಾಜಪುರಕ್ಕೆ ಹೋಗಿ ಬರೋಣ."